ಗೋಡೆಗೆ ಓದುತ್ತಿದ್ದವಳು

“ಹಗೂರಕ ಎತ್ರಿ… ತಲಿ ಹಿಡೀರಿ, ತಲಿ!” ಸಿದ್ದಾರೂಢ ಒಂದೇ ಸಮನೆ ಅವಸರ ಮಾಡುತ್ತಿದ್ದ.

ಮಾಯವ್ವನ ಎರಡೂ ಕೈಗಳು ಗೌರವ್ವನ ಬಗಲಲ್ಲಿದ್ದವು. ಇನ್ನೊಂದು ಮಗ್ಗುಲಿಗೆ ಸಿದ್ದಾರೂಢನ ಹೆಂಡತಿ ರತ್ನಮಾಲಾ ಇದ್ದಳು. ಇಬ್ಬರೂ ಸೇರಿ ಹೆಣವನ್ನು ಹಾಸಿಗೆಯಿಂದ ಎಬ್ಬಿಸಿ ಗೋಡೆಗೆ ಆನಿಸಿದರು. ಸಿದ್ದಾರೂಢ ತನ್ನ ಅಕ್ಕನ ಕಾಲುಗಳನ್ನು ಒಂದೊಂದಾಗಿ ಮಡಚಿ ಚಕ್ಕಳಮಕ್ಕಳ ಹಾಕಿಸಿದ. ಹಣೆಗೆ ಬಿಳಿ ಬಟ್ಟೆ ಸುತ್ತಿ, ಅದರ ತುದಿಯನ್ನು ಗೋಡೆಯ ಗೂಟಕ್ಕೆ ಬಿಗಿದ. ಆಗ ಗೌರವ್ವನ ತಲೆ ನೆಟ್ಟಗೆ ನಿಂತಿತು.

“ಸೆಟೀತಂದ್ರ ಮುಗೀತು ನೋಡ್ರಿ. ಆಮ್ಯಾಲ ಏನ ಮಾಡಿದ್ರೂ ಮಡಚಾಂಗಿಲ್ಲ,” ಎಂದು ಅವನು ಬೆವರು ಒರೆಸಿಕೊಂಡ. “ವ್ಯಾಳ್ಯಾಕ್ಕ ಸರಿಯಾಗಿ ಆತು. ಚಲೋ ಆತು.”

ಗಡಿಯೂರು ನೇಸರಿಯ ಲಿಂಗಾಯತರಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುವುದು. ಇದು ಮಾಯವ್ವನಿಗೆ ಹೊಸದೇನಲ್ಲ. ಅವಳು ಕುರುಬರವಳಾದರೂ ಇದೇ ಓಣಿಯಲ್ಲಿ ನಲವತ್ತು ವರ್ಷ ಬಾಳಿದವಳು, ಇಂಥ ಹೆಣಗಳನ್ನು ಹತ್ತಾರು ನೋಡಿದವಳು. ಇವತ್ತು ಮಾತ್ರ ಅವಳು ಹೆಣದ ಮುಖದ ಕಡೆ ನೋಡಲಿಲ್ಲ. ನಸುಕಿನಲ್ಲಿ ಎಮ್ಮೆ ಬಿಡದೆ ಒದರಿದ್ದನ್ನು ಕೇಳಿ ರತ್ನಮಾಲಾ ಬಂದು ನೋಡಿದಾಗ ಗೌರವ್ವ ಹಾಸಿಗೆಯಲ್ಲೇ ಹೋಗಿಬಿಟ್ಟಿದ್ದಳು. ಗೌರವ್ವನ ಕೋಣೆಗೆ ಹೋಗಿಬರುತ್ತಿದ್ದವಳು ಓಣಿಯಲ್ಲಿ ಮಾಯವ್ವ ಒಬ್ಬಳೇ ಎಂದು ಅವಳನ್ನೇ ಮೊದಲು ಕರೆದಿದ್ದರು.

ಕರೆದದ್ದೇ ತಪ್ಪಾಯಿತು. ಯಾಕೆಂದರೆ ಗೌರವ್ವ ಒಂದು ಮಾತು ಹೇಳಿಟ್ಟಿದ್ದಳು, ಅದೂ ಮಾಯವ್ವನೊಬ್ಬಳಿಗೆ. “ನಾ ಸತ್ತರ ಮಲಗಿಸಿ ಹುಗೀರಿ. ಜನ್ಮಪೂರ್ತಿ ಕುಂತೇನಿ, ನೂಲಿನ ಕಾಂಡಿ ಮಷಿನ್ ಮುಂದ ಕುಂತೆ, ಎಮ್ಮಿ ಕೆಳಗ ಕುಂತೆ. ಯೇಸಪ್ಪ ಕರದಾಗ ಏಳಾಕಿ ನಾ. ಕುಂತಾಕಿಗೆ ಏಳು ಅಂತ ಯಾರರ ಅಂತಾರೇನು? ಮಲಗಿದಾಕಿಗೆ ಅಂತಾರ.” ಹೇಳಿ ನಕ್ಕಿದ್ದಳು. ಆಮೇಲೆ ನಗು ನಿಲ್ಲಿಸಿ, “ನೀ ಹೇಳಬೇಕವಾ ಮಾಯವ್ವಾ. ಮತ್ತ್ಯಾರ ಅದಾರ ನನಗ?” ಎಂದಿದ್ದಳು.

ಮಾಯವ್ವ ಈಗ ಹೇಳಬೇಕಾಗಿತ್ತು. ಕಾಲು ಮಡಚುವ ಮುಂಚೆ ಹೇಳಬೇಕಾಗಿತ್ತು. ಹೇಳಿದರೆ, ‘ನಿನಗ್ಹೆಂಗ ಗೊತ್ತು’ ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಯ ಬೆನ್ನಿಗೆ ಇನ್ನೊಂದು. ಅವಳು ಗೌರವ್ವನ ಸೆರಗು ಸರಿಮಾಡಿ ಹಿಂದೆ ಸರಿದಳು.

* * *

ಗೌರವ್ವನ ಬದುಕು ಹೇಳಹೊರಟರೆ ಒಂದು ಚಹಾ ಆರುವುದರೊಳಗೆ ಮುಗಿಯುತ್ತದೆ. ಹದಿನೆಂಟಕ್ಕೆ ಮದುವೆಯಾಗಿ ಇಚಲಕರಂಜಿಗೆ ಹೋದಳು. ಗಂಡ ಪವರ್‌ಲೂಮಿನಲ್ಲಿದ್ದ. ಕೆಮ್ಮಿ ಕೆಮ್ಮಿ ಸತ್ತ. ಮಕ್ಕಳಿರಲಿಲ್ಲ. ಆಮೇಲೆ ಇಪ್ಪತ್ತೈದು ವರ್ಷ ಅವಳೇ ಅಲ್ಲಿ ಕಾಂಡಿ ಮಷಿನ್ನಿನ ಮುಂದೆ ಕೂತು ನೂಲು ಸುತ್ತಿದಳು. ಪಕ್ಕದ ಮಷಿನ್ನಿನವಳು ಯೇಸುವನ್ನು ನಂಬಿದವಳು. ಗೌರವ್ವ ಟೈಫಾಯ್ಡಿನಲ್ಲಿ ಬಿದ್ದಾಗ ಇಪ್ಪತ್ತು ದಿನ ಗಂಜಿ ಕಾಸಿ ಹಾಕಿದವಳು ಅವಳೇ. “ಮೊದಲ ಗಂಜಿ ಕುಡದೆ, ಆಮ್ಯಾಲ ದೇವರು ಗೊತ್ತಾದ,” ಎನ್ನುತ್ತಿದ್ದಳು ಗೌರವ್ವ.

ದೀಕ್ಷಾಸ್ನಾನ ಮಾಡಿಸಿಕೊಂಡ ವಾರವೇ ಅವಳು ನೇಸರಿಗೆ ಬಂದು, ಕೊರಳಿನ ಲಿಂಗವನ್ನು ಒಗೆದ ಬಟ್ಟೆಯಲ್ಲಿ ಸುತ್ತಿ ತಮ್ಮನ ಕೈಗೆ ಕೊಟ್ಟಳು. “ಇದನ್ನ ಎಲ್ಲರ ಒಗದು ಬರೂದು ನನ್ನ ಕೈಲೆ ಆಗಲಿಲ್ಲೋ. ಅವ್ವ ಕಟ್ಟಿದ್ದು. ನೀ ಇಟಗೊ,” ಎಂದಳು. ಸಿದ್ದಾರೂಢ ಮೂರು ವರ್ಷ ಅವಳ ಜೊತೆ ಮಾತು ಬಿಟ್ಟ. ಲೂಮು ಮುಚ್ಚಿ ಅವಳು ಬರಿಗೈಯಲ್ಲಿ ಊರಿಗೆ ಬಂದಾಗ ಮಾತ್ರ ಹಿತ್ತಲ ಕೋಣೆ ಬಿಟ್ಟುಕೊಟ್ಟ, ಒಂದು ಎಮ್ಮೆಯನ್ನೂ ಕೊಟ್ಟ. ಒಳ್ಳೆಯವನೇ. ಮುಂಗೋಪಿ, ಅಷ್ಟೇ.

ಮಾಯವ್ವನಿಗೂ ಅವಳಿಗೂ ಆಗ ಹೋಗುತ್ತ ಬರುತ್ತ ‘ಊಟಾತೇನು’ ಎನ್ನುವಷ್ಟೇ ಬಳಕೆ. ಕೊರೊನಾದ ಎರಡನೆಯ ವರ್ಷ ಮಾಯವ್ವನ ಗಂಡನನ್ನು ಕೊಲ್ಹಾಪುರದ ದವಾಖಾನೆಗೆ ಒಯ್ದರು. ಒಯ್ದವನು ತಿರುಗಿ ಬರಲಿಲ್ಲ. ಮುಖ ಕೂಡ ತೋರಿಸಲಿಲ್ಲ. ಅಲ್ಲೇ ಎಲ್ಲೋ ಸುಟ್ಟರಂತೆ. ಮಗ ದೀಪಕನೂ ಜ್ವರ ಹಿಡಿದು ಗಡಹಿಂಗ್ಲಜದ ಕೋವಿಡ್ ಕೇಂದ್ರದಲ್ಲಿ ಬಿದ್ದಿದ್ದ. ಸೊಸೆ ಶುಭಾಂಗಿ ಬಸುರಿ, ತವರಿನಲ್ಲಿದ್ದಳು. ಹದಿನಾಲ್ಕು ದಿನ ಮಾಯವ್ವನ ಮನೆಯ ಮುಂದೆ ಬಿದಿರು ಅಡ್ಡ ಕಟ್ಟಿದ್ದರು. ನಲವತ್ತು ವರ್ಷದ ಓಣಿ ದೂರದಿಂದ ಬಳಸಿಕೊಂಡು ನಡೆಯಿತು.

ಗೌರವ್ವ ಒಬ್ಬಳೇ ಆ ಬಿದಿರಿನ ಆಚೆ ದಿನಾ ಬಂದು ಕೂರುತ್ತಿದ್ದಳು. ಭಕ್ರಿ ಪಲ್ಯ ಇಟ್ಟು, ಹತ್ತು ಹೆಜ್ಜೆ ಹಿಂದೆ ಸರಿದು, ಮಾಯವ್ವ ಉಂಡು ಮುಗಿಸುವತನಕ ಕಾಯುತ್ತಿದ್ದಳು. ಒಂದು ದಿನ ಮಾಯವ್ವ ಒಳಗಿನಿಂದಲೇ ಕೇಳಿದಳು, “ಗೌರಕ್ಕಾ, ನಿನ್ನ ದೇವರು ನನ್ನ ಗಂಡನ ಮುಖಾ ನೋಡ್ಯಾನೇನ? ನನಗಂತೂ ತೋರಸಲಿಲ್ಲ.”

ಗೌರವ್ವ, “ನೋಡ್ಯಾನ,” ಎಂದಳು. ಅಷ್ಟೇ ಎಂದಳು. ಮಾಯವ್ವ ಗಂಡ ಸತ್ತ ಮೇಲೆ ಮೊದಲ ಸಲ ಬಾಯಿಬಿಟ್ಟು ಅತ್ತಳು.

ಬಿದಿರು ಬಿಚ್ಚಿದ ಮೇಲೆ ಪ್ರತಿ ರವಿವಾರ ಮಧ್ಯಾಹ್ನ ಮಾಯವ್ವ ಉಣ್ಣೆ, ಕದಿರು ಹಿಡಿದು ‘ನೂಲಾಕ’ ಎಂದು ಹೇಳಿ ಗೌರವ್ವನ ಕೋಣೆಗೆ ಹೋಗತೊಡಗಿದಳು. ಅವಳು ನೂಲುತ್ತಿದ್ದಳು, ಗೌರವ್ವ ಕಪ್ಪು ರಟ್ಟಿನ ದೇವರ ಪುಸ್ತಕ ಬಿಚ್ಚಿ ಓದುತ್ತಿದ್ದಳು, ಪ್ರಾರ್ಥನೆ ಮಾಡುತ್ತಿದ್ದಳು. ಎರಡು ತಿಂಗಳಿಗೊಮ್ಮೆ ಗಡಹಿಂಗ್ಲಜದಿಂದ ಪಾಸ್ಟರ್ ಎಸ್‌ಟಿ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಇಡೀ ನೇಸರಿಯ ಸಭೆ ಎಂದರೆ ಇಷ್ಟೇ, ಎರಡು ಮುದುಕಿಯರು, ಹೊರಗೆ ಒಂದು ಎಮ್ಮೆ. ಮನೆಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಮಾಯವ್ವ ಗೊತ್ತುಮಾಡಲೂ ಇಲ್ಲ.

* * *

ಹತ್ತು ಗಂಟೆಯ ಹೊತ್ತಿಗೆ ಅಂಗಳ ತುಂಬಿತು. ಇದ್ದಾಗ ಬಾಗಿಲು ತುಳಿಯದವರೆಲ್ಲ ಬಂದರು. ಹೆಣದ ಮುಂದೆ ಯಾರ ನಾಲಗೆಯಾದರೂ ಮೆತ್ತಗಾಗುತ್ತದೆ.

“ಫಾರ್ ವಾಯಿಟ್ ಝಾಲಂ, ಭಾಳ ಕೆಟ್ಟ ಆತು. ಹಾಲಿಗೆ ಒಂದ ತೊಟ್ಟ ನೀರ ಹಾಕಿದಾಕಿ ಅಲ್ಲ ಬಿಡ್ರಿ,” ಎಂದಳು ಡೇರಿಯವನ ಹೆಂಡತಿ.

“ಎಲ್ಲಾ ಖರೆ. ಕಡೀಕ ತಲಿ ಒಂದೀಟ ಹೋಗಿತ್ತ ನೋಡ್ರಿ,” ಎಂದಳು ಇನ್ನೊಬ್ಬಳು. “ರವಿವಾರ ಬಂತಂದ್ರ ಖಿಡಕಿ ತಗದು ಗ್ವಾಡಿಗೆ ಒದರಿ ಒದರಿ ಓದಾಕಿ. ಯಾರಿಲ್ಲ, ಹೋರಿಲ್ಲ. ಒಬ್ಬಾಕೆ!”

“ಮನಶ್ಯಾ ಒಬ್ಬಂಟಿ ಆದಂದ್ರ ಹಂಗ ಆಗತೈತ್ರಿ.”

ಮಾಯವ್ವ ನೀರಿನ ಕೊಡ ಇಳಿಸುತ್ತಿದ್ದವಳು ಅಲ್ಲೇ ನಿಂತಳು. ನಿಂತು, ಮತ್ತೆ ಕೊಡ ಎತ್ತಿಕೊಂಡು ಹಿತ್ತಲಿಗೆ ನಡೆದಳು.

ಸಿದ್ದಾರೂಢ ಪಾಸ್ಟರಿಗೆ ಫೋನು ಹಚ್ಚಿದ. ಕಿವಿ ಮಂದವಾದ್ದರಿಂದ ಅವನ ಫೋನು ಯಾವತ್ತೂ ಸ್ಪೀಕರಿನ ಮೇಲೆಯೇ. ಪಾಸ್ಟರ್ ಕೊಲ್ಹಾಪುರದಲ್ಲಿದ್ದರು, ಅವರ ತಾಯಿಗೆ ಅವತ್ತೇ ಆಪರೇಷನ್.

“ನಾ ಬರೂದ್ರಾಗ ರಾತ್ರಿ ಆಗತೈತ್ರಿ ಅಣ್ಣಾರ. ನನ್ನ ಸಲವಾಗಿ ಕಾಯಬ್ಯಾಡ್ರಿ,” ಎಂದಿತು ಫೋನು. “ಪ್ರಾರ್ಥನಾಕ್ಕ ಪಾಸ್ಟರ್ ಬೇಕಂತೇನಿಲ್ಲ. ನಂಬಿದವರು ಯಾರ ಮಾಡಿದ್ರೂ ನಡೀತೈತಿ.”

“ನಂಬಿದವರು ಯಾರ ಅದಾರ್ರಿ ಇಲ್ಲಿ? ಅಕಿ ಒಬ್ಬಾಕೆ ಇದ್ದಳು.”

“ಒಬ್ಬಾಕಿ ಅಲ್ಲರಿ…” ಪಾಸ್ಟರ್ ಅಷ್ಟಕ್ಕೇ ನಿಂತರು.

“ಏನಂದ್ರಿ?”

“ಏನಿಲ್ಲರಿ. ಅಕಿ ಕೂಡ ದೇವರಿದ್ದ ಅಂತ ಅಂದೆ.”

ಹಿತ್ತಲ ಬಾಗಿಲಲ್ಲಿ ನಿಂತಿದ್ದ ಮಾಯವ್ವ ಎಲ್ಲ ಕೇಳಿಸಿಕೊಂಡಳು. ಸತ್ತವಳೂ ತನಗಾಗಿ ಮುಚ್ಚಿಟ್ಟಳು, ಈಗ ಆ ಮನುಷ್ಯನೂ ಮುಚ್ಚಿಡುತ್ತಿದ್ದಾನೆ. ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಫೋನು ಇಟ್ಟ ಸಿದ್ದಾರೂಢ ಅಂಗಳದವರ ಕಡೆ ತಿರುಗಿದ. “ನಾ ಏನ ಬ್ಯಾಡ ಅನಾಂವಲ್ಲ. ಅಕಿ ಕಡಿಯವರು ಒಬ್ಬರರ ಬಂದಿದ್ರ ಅವರ ರೀತಿಪ್ರಕಾರ ಮಾಡ್ತಿದ್ದೆ. ಯಾರೂ ಇಲ್ಲ ಅಂದಮ್ಯಾಲ ನಮ್ಮಾಕಿ ನಮ್ಮಂಗ ಹೋಗ್ಲಿ.” ಒಳಗೆ ಹೋಗಿ ಹಳೆಯ ಟ್ರಂಕು ತೆರೆದ. ಒಗೆದ ಬಟ್ಟೆಯಲ್ಲಿ ಸುತ್ತಿದ್ದ ಲಿಂಗವನ್ನು ತಂದು ಅಕ್ಕನ ಅಂಗೈಯಲ್ಲಿಟ್ಟ. ಬೆರಳು ಮುಚ್ಚಲು ನೋಡಿದ. ಬೆರಳುಗಳು ಆಗಲೇ ಸೆಟೆದಿದ್ದವು. ಅವನು ಹುಡುಗನ ಹಾಗೆ ಅತ್ತುಬಿಟ್ಟ.

ಹೊರಗೆ ದೀಪಕ ನಾಲ್ಕು ಜನರ ಜೊತೆ ವಿಮಾನ ಕಟ್ಟುತ್ತಿದ್ದ. ಹೆಣ ಕೂರಿಸಿ ಒಯ್ಯುವ ಬಿದಿರಿನ ಕುರ್ಚಿ, ಅದಕ್ಕೆ ಬಾಳೆಕಂಬ, ಚೆಂಡುಹೂ. ತಾಯಿಯನ್ನು ಕಂಡವನೇ ಹಗ್ಗ ಬಿಟ್ಟು ಎದ್ದು ಬಂದ.

“ಆಯಿ, ಮುಂಜಾನಿಂದ ಏನರ ತಿಂದೀಯೇನ? ಮಾರಿ ನೋಡು ಹೆಂಗಾಗೈತಿ. ಶುಭಾಂಗಿ ಚಹಾ ಇಟ್ಟಾಳ, ಹೋಗಿ ಕುಡದು ಬಾ.”

ಅವನು ಗದರಿಸುವ ಮಗನಾಗಿದ್ದರೆ ಮಾಯವ್ವನಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

* * *

ಮೂರು ತಿಂಗಳ ಹಿಂದೆ, ಒಂದು ರವಿವಾರ, ತಾಲೂಕಿನಿಂದ ನಾಲ್ಕು ಹುಡುಗರು ಮೋಟರಸೈಕಲ್ ಮೇಲೆ ಬಂದಿದ್ದರು. ಗೌರವ್ವನ ಬಾಗಿಲಲ್ಲಿ ನಿಂತು, “ಅಜ್ಜೀ, ಇಲ್ಲಿ ಯಾರ್ಯಾರ ಬರತಾರ? ಯಾರ್ಯಾರನ್ನ ಮತಾಂತರ ಮಾಡೀದಿ?” ಎಂದು ಕೇಳಿದರು. ಮಾಯವ್ವ ಪಕ್ಕದ ಕೊಟ್ಟಿಗೆಯಲ್ಲಿ ಹುಲ್ಲಿನ ಪೆಂಡಿಗಳ ಹಿಂದೆ, ಎಮ್ಮೆಯ ಮಗ್ಗುಲಲ್ಲಿ ಅಡಗಿ ಕೂತಿದ್ದಳು.

“ಯಾರೂ ಬರಾಂಗಿಲ್ಲಪಾ. ನಾ ಒಬ್ಬಾಕೆ,” ಎಂದಳು ಗೌರವ್ವ.

ಹಾಲಿಗೆ ನೀರು ಹಾಕದವಳು, ಮಾತಿಗೂ ಎಂದೂ ನೀರು ಬೆರೆಸಿದವಳಲ್ಲ. ಮಾಯವ್ವ ಬಲ್ಲಂತೆ ಅವಳು ಹೇಳಿದ ಸುಳ್ಳು ಅದೊಂದೇ. ಹುಡುಗರು ಹೋದ ಮೇಲೆ ಹುಲ್ಲು ಸರಿಸಿ, “ಒಂದ ನಾಕ ವಾರ ಬರಬ್ಯಾಡವಾ. ನಿನಗ ಮನಿ ಐತಿ, ಮೊಮ್ಮಗಳು ಅದಾಳ. ನನಗೇನ,” ಎಂದಳು.

ಅವತ್ತು ದೀಪಕ ಊಟಕ್ಕೆ ಕೂತಾಗ ಅದೇ ಸುದ್ದಿ. ಆ ನಾಲ್ವರಲ್ಲಿ ಒಬ್ಬ ಅವನ ಸಾಲೆಯ ಗೆಳೆಯ. “ಗೌರವ್ವಜ್ಜಿ ಹೋಗ್ಲಿ, ವಯಸ್ಸಾದಾಕಿ. ನಮ್ಮಾವರು ಯಾರರ ಆ ದಾರಿ ಹಿಡದರ ನಾ ಸುಮ್ಮ ಬಿಡಾವಲ್ಲ. ಅಂಥಾವರಿಗೆ ಹೊಸ್ತಿಲದ ಹೊರಗ,” ಎಂದ. ಶುಭಾಂಗಿ, “ಹೌದ್ರಿ ಮತ್ತ,” ಎಂದಳು. ಮಾಯವ್ವ ಅವನ ತಾಟಿಗೆ ಇನ್ನೊಂದು ಭಕ್ರಿ ಹಾಕಿದಳು.

ನಾಲ್ಕು ವಾರ ಕಳೆದವು. ಐದನೆಯ ವಾರ ಮಾಯವ್ವನಿಗೆ ತಲೆನೋವು ಬಂತು. ಆರನೆಯ ವಾರ ಮೊಮ್ಮಗಳಿಗೆ ನೆಗಡಿ. ಹೋಗಲೊಲ್ಲದವರಿಗೆ ನೆವಕ್ಕೇನು ಬರ. ಗೌರವ್ವ ಒಂದು ದಿನವೂ ‘ಯಾಕ ಬರಲಿಲ್ಲ’ ಎಂದು ಕೇಳಲಿಲ್ಲ. ಓಣಿಯ ಕಡೆಗಿದ್ದ ಕಿಟಕಿ ತೆರೆದಿಟ್ಟು, ಎತ್ತರದ ದನಿಯಲ್ಲಿ ಓದತೊಡಗಿದಳು, ಅಷ್ಟೇ. ಓಣಿಯ ಈಚೆ ತನ್ನ ಅಂಗಳದಲ್ಲಿ ಮಾಯವ್ವ ಕದಿರು ತಿರುಗಿಸುತ್ತ ಕೂತಿರುತ್ತಿದ್ದಳು. ಇವಳು ಅತ್ತ ನೋಡುತ್ತಿರಲಿಲ್ಲ, ಅವಳು ಇತ್ತ ನೋಡುತ್ತಿರಲಿಲ್ಲ. ಊರು ನಕ್ಕಿತು. ಗೌರವ್ವ ನಗಿಸಿಕೊಂಡಳು.

ಹೋದ ರವಿವಾರ ಓದುತ್ತಿದ್ದವಳಿಗೆ ನಡುವೆ ಕೆಮ್ಮು ಬಂದು ದನಿ ನಿಂತಿತು. ಮಾಯವ್ವ ಕದಿರು ಹಿಡಿದು ಕಾದಳು. ಮತ್ತೆ ದನಿ ಏಳಲಿಲ್ಲ. ಕಿಟಕಿ ಸಂಜೆತನಕ ತೆರೆದೇ ಇತ್ತು. ಓಣಿ ದಾಟಲು ಇಪ್ಪತ್ತು ಹೆಜ್ಜೆ. ಮಾಯವ್ವ ದಾಟಲಿಲ್ಲ. ಇವತ್ತು ಬುಧವಾರ.

* * *

ಸಿದ್ದಾರೂಢನ ಹೊಲದ ಮೂಲೆಯಲ್ಲಿ, ಕಬ್ಬು ಕಡಿದು ಬಯಲಾದ ಜಾಗದಲ್ಲಿ ಹೊಲದಾಳು ಗುಂಡು ಕುಣಿ ತೋಡಿದ್ದ. ಎದೆಮಟ್ಟ ಆಳ, ಒಂದು ಗೋಡೆಯಲ್ಲಿ ಹೆಣ ಕೂರುವಷ್ಟು ಗೂಡು. ವಿಭೂತಿ, ಬಿಲ್ವಪತ್ರಿ, ಉಪ್ಪು ಎಲ್ಲ ಸಿದ್ಧವಾಗಿದ್ದವು. ಭಜನೆಯವರು ದಣಿದು ತಾಳ ಇಳಿಸಿದರು. ಬಿಸಿಲು ಪಡುವಣಕ್ಕೆ ವಾಲಿತ್ತು. ವಿಮಾನದಲ್ಲಿ ಗೌರವ್ವ ಮೈತುಂಬ ಹೂ ಹೊತ್ತು ಕೂತಿದ್ದಳು, ಹಾಗೆ ಹೂ ಹೊತ್ತು ಕೂತದ್ದು ಮದುವೆಯ ನಂತರ ಇದೇ ಮೊದಲು.

ಮಠದ ಅಯ್ಯನವರು ಕುಣಿಗೆ ನೀರು ಚಿಮುಕಿಸುವ ಮುಂಚೆ ಸಿದ್ದಾರೂಢ ಕೈ ಎತ್ತಿದ. ಏನೋ ಅವನನ್ನು ಒಳಗೆ ಕೊರೆಯುತ್ತಿತ್ತು.

“ಒಂದ ನಿಮಿಷ ನಿಲ್ರಿ ಅಯ್ಯನೋರ. ನಾಳೆ ನನ್ನ ಮನಸಿಗೆ ಹತ್ತಬಾರದು,” ಎಂದು ಜನರ ಕಡೆ ತಿರುಗಿದ. “ನಮ್ಮ ಅಕ್ಕನ ದೇವರ ಕಡಿಯವರು ಯಾರರ ಇದ್ದೀರೇನ್ರಿ? ಇದ್ದರ ಮುಂದ ಬರ್ರಿ, ನಿಮ್ಮದೇನೈತಿ ಅದನ್ನ ಮಾಡ್ರಿ. ಇಲ್ಲಂದ್ರ ನಾವು ಮುಂದುವರಸ್ತೀವಿ.”

ಹಿಂದಿನಿಂದ ಯಾವನೋ ಕಿಸಕ್ಕೆಂದು ನಕ್ಕ. “ಯಾರ ಇರತಾರ್ರಿ? ಗ್ವಾಡಿಗೆ ಓದಿ ಹೇಳಾಕಿ ಅಕಿ. ಗ್ವಾಡೀನ ಕರಕೊಂಡ ಬರ್ರಿ!”

“ಗ್ವಾಡಿಗಲ್ಲ.”

ಹೆಂಗಸರ ಸಾಲಿನಿಂದ ಬಂದ ಆ ದನಿ ಯಾರದೆಂದು ಮೊದಲು ಯಾರಿಗೂ ತಿಳಿಯಲಿಲ್ಲ. ಮಾಯವ್ವನಿಗೆ ತಾನೇ ಆಡಿದ್ದೆಂದು ಗೊತ್ತಾದದ್ದು ಶುಭಾಂಗಿ ಗಕ್ಕನೆ ತಿರುಗಿ ನೋಡಿದಾಗ.

“ಗ್ವಾಡಿಗಲ್ರಿ,” ಎಂದಳು ಅವಳು ಮತ್ತೆ. “ನನಗ ಓದತಿದ್ದಳು. ನಾ ಅಂಗಳದಾಗ ಕುಂತ ಕೇಳತಿದ್ದೆ. ಅದಕ್ಕೂ ಮದಲ ನಾಕ ವರ್ಷ ಅಕಿ ಮಗ್ಗಲದಾಗ ಕುಂತ ಕೇಳೇನಿ. ಅಕಿ ಒಬ್ಬಾಕಿ ಇರಲಿಲ್ಲ. ನಾನೂ ಇದ್ದೆ.”

ಬಯಲಿನಲ್ಲಿ ಗಾಳಿಗೆ ಕಬ್ಬಿನ ಒಣ ರವದಿ ಸರಸರ ಎನ್ನುವುದು ಕೇಳಿಸುತ್ತಿತ್ತು. ಅವಳು ಮಗನ ಕಡೆ ನೋಡಲಿಲ್ಲ. ನೋಡಿದ್ದರೆ ಮುಂದಿನ ಮಾತು ಬರುತ್ತಿರಲಿಲ್ಲ.

“ಮಲಗಿಸಿ ಹುಗೀರಿ ಅಂದಿದ್ದಳ್ರಿ ಅಣ್ಣಾರ. ನನಗ ಹೇಳು ಅಂದಿದ್ದಳು.”

ಸಿದ್ದಾರೂಢ ಅವಳನ್ನು ದಿಟ್ಟಿಸಿದ. “ಮುಂಜಾನೆ ನೀನ ಎತ್ತಿ ಕುಂದರಿಸಿದೆಲ್ಲಬೇ! ಅವಾಗ ನಿನ್ನ ಬಾಯಿಗೇನಾಗಿತ್ತು?”

“ಅಂಜಿದ್ದೆ.”

ಅಯ್ಯನವರು ನಿಧಾನವಾಗಿ ತಂಬಿಗೆ ಕೆಳಗಿಟ್ಟು, ಜೋಳಿಗೆ ಹೆಗಲಿಗೇರಿಸಿದರು. “ಹೆಣದ ಮುಂದ ಜಗಳ ಬ್ಯಾಡ. ನಿಮ್ಮ ಅಕ್ಕ, ನಿಮ್ಮ ಮಾತು. ನನಗ ಅಪ್ಪಣಿ ಕೊಡ್ರಿ,” ಎಂದು ಬದು ಹಿಡಿದು ನಡೆದರು. ಅವರ ಹಿಂದೆ ಭಜನೆಯವರು ಹೋದರು. ಗುಸುಗುಸು ಅನ್ನುತ್ತ ಹೆಂಗಸರು ಹೋದರು. ಶುಭಾಂಗಿ ಅತ್ತೆಯನ್ನು ಬಳಸಿಕೊಂಡು ದೂರದಿಂದ ಹಾದುಹೋದಳು. ಆ ನಡಿಗೆ ಮಾಯವ್ವನಿಗೆ ಪರಿಚಯದ್ದೇ, ಅಡ್ಡ ಬಿದಿರು ಕಟ್ಟಿದ ದಿನಗಳಲ್ಲಿ ಓಣಿಯವರೆಲ್ಲ ಹಾಗೆಯೇ ನಡೆದಿದ್ದರು.

ಸಿದ್ದಾರೂಢ ಅಕ್ಕನ ಕಡೆ ತಿರುಗಿದ. ಮುಂದೆ ಬಂದು ಅವಳ ಅಂಗೈಯಲ್ಲಿದ್ದ ಲಿಂಗವನ್ನು ತೆಗೆದುಕೊಂಡು ಕಣ್ಣಿಗೊತ್ತಿ ತನ್ನ ಜೇಬಿಗೆ ಹಾಕಿಕೊಂಡ.

“ಗುಂಡೂ, ಉದ್ದ ಮಾಡೋ ಕುಣಿ.”

ಗುಂಡು ಹೆಣವನ್ನು ಕಣ್ಣಳತೆ ಮಾಡಿದ. “ಭಾಳ ಉದ್ದ ಬ್ಯಾಡ್ರಿ. ಹೆಂಗೂ ಕಾಲ ಮಡಚ್ಯಾವ.”

ಅರ್ಧ ತಾಸು ಹಾರೆಯ ಸದ್ದು. ಉಳಿದ ನಾಲ್ಕೈದು ಗಂಡಸರು ಗೌರವ್ವನನ್ನು ಇಳಿಸಿ ಮಗ್ಗುಲಾಗಿ ಮಲಗಿಸಿದರು. ಮಲಗಿಸಿದರು ಎನ್ನಬೇಕು, ಅಷ್ಟೇ. ಕೂತ ಭಂಗಿಯಲ್ಲೇ ಅವಳು ಅಡ್ಡಬಿದ್ದಂತಿದ್ದಳು, ಒಂದು ಮೊಣಕಾಲು ಮಣ್ಣಿಗೆ ಊರಿ, ಇನ್ನೊಂದು ಮೇಲೆದ್ದು ನಿಂತು. ಮಾಯವ್ವ ಯಾರನ್ನೂ ಕೇಳದೆ ಕುಣಿಗೆ ಇಳಿದಳು. ಎರಡೂ ಕೈಯಿಂದ ಆ ಮೊಣಕಾಲನ್ನು ಅದುಮಿದಳು. ಮೈಭಾರವೆಲ್ಲ ಹಾಕಿ ಅದುಮಿದಳು. ಅದು ಮಣಿಯಲಿಲ್ಲ.

“ಬಿಡಬೇ ಮಾಯಕ್ಕಾ,” ಎಂದ ಸಿದ್ದಾರೂಢ ಮೇಲಿನಿಂದ. “ಅಕಿಗೆ ನೋವಾದೀತು.”

ಅವಳು ಬಿಟ್ಟಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು. ಇಷ್ಟು ವರ್ಷ ಪ್ರಾರ್ಥನೆ ಮಾಡುತ್ತಿದ್ದವಳು ಗೌರವ್ವ, ಇವಳು ಕೇಳಿದವಳು. ಒಂದು ಮಾತೂ ಬಾಯಿಪಾಠವಿರಲಿಲ್ಲ.

“ಯೇಸಪ್ಪಾ, ಗೌರಕ್ಕ ಬಂದಾಳ ನೋಡು. ಅಕೀದೆಲ್ಲಾ ನಿನಗ ಗೊತ್ತ ಐತಿ, ನಾ ಏನ ಹೇಳಲಿ. ಕಾಲ ಹಿಂಗ ಆಗಿದ್ದು ಅಕಿ ತಪ್ಪಲ್ಲ, ನಂದು. ಅಕೀನ ಎಬ್ಬಸುಮುಂದ ಸಾವಕಾಶ ಎಬ್ಬಸಪಾ. ಗಡಬಡಿ ಮಾಡಬ್ಯಾಡ.”

ಇನ್ನೂ ಏನೋ ಹೇಳಬೇಕೆನಿಸಿತು, ತಿಳಿಯಲಿಲ್ಲ. ತಲೆ ಎತ್ತಿದಾಗ ಬದುವಿನ ಮೇಲೆ ದೀಪಕ ಕಂಡ. ಅವನು ಹೋಗಿರಲಿಲ್ಲ, ಹತ್ತಿರಕ್ಕೆ ಬಂದೂ ಇರಲಿಲ್ಲ. ಗಾಡಿಯ ಚಾವಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಮತ್ತೆ ಸುತ್ತುತ್ತ ನಿಂತಿದ್ದ. ಅಳು ತಡೆದ ಸಣ್ಣ ಹುಡುಗನ ಮುಖವಾಗಿತ್ತು ಅದು.

ಸಿದ್ದಾರೂಢ ಬಗ್ಗಿ ಕೈ ಚಾಚಿದ. “ಬಾ ಯಕ್ಕಾ, ಮ್ಯಾಲ ಬಾ. ಮಣ್ಣ ಎಳೀಬೇಕು.”

ಮಾಯವ್ವ ಆ ಕೈ ಹಿಡಿಯಲಿಲ್ಲ.

“ದೀಪಕಾ,” ಎಂದಳು.

ಅವನು ಅಲುಗಲಿಲ್ಲ. ಅವಳು ಎದೆಮಟ್ಟದ ಕುಣಿಯಲ್ಲಿ ನಿಂತು, ಮಣ್ಣು ಮೆತ್ತಿದ ಬಲಗೈಯನ್ನು ಬದುವಿನ ಕಡೆಗೆ ಎತ್ತಿ ಹಿಡಿದಳು. ತೋಳು ಸೋಲತೊಡಗಿದಾಗ ಎಡಗೈಯಿಂದ ಮೊಣಕೈಗೆ ಆಸರೆ ಕೊಟ್ಟುಕೊಂಡಳು. ಗುಂಡು ಸಲಿಕೆ ಊರಿಕೊಂಡು ಕಾಯುತ್ತ ನಿಂತ.